ಕಿಮೋಗೆ ಮುಂಚೆಯೇ ಕೇಳಿ: ಮುಂದೆ ಮಗು ಆಗುತ್ತಾ?

ಕ್ಯಾನ್ಸರ್ ಎಂದು ಗೊತ್ತಾದ ವಾರದಲ್ಲಿ ಈ ಪ್ರಶ್ನೆ ಕೇಳಲು ಸಂಕೋಚ. ‘ಮೊದ್ಲು ಜೀವ ಉಳೀಲಿ’ ಎನ್ನುತ್ತಾರೆ ಹಿರಿಯರು. ಸರಿಯೇ, ಆದರೆ ಕೇಳುವ ಹೊತ್ತೂ ಅದೇ. ಕಿಮೋ ಶುರುವಾದ ಮೇಲೆ ದಾರಿಗಳು ಕಮ್ಮಿ.

ಕ್ಯಾನ್ಸರ್ ಡಾಕ್ಟರಿಗೆ ಎರಡು ಮಾತು ಕೇಳಿ. ಯಾವ ಔಷಧ ಕೊಡುತ್ತೀರಿ? ಕಿಮೋ ಶುರು ಮಾಡಲು ಎಷ್ಟು ದಿನ ಕಾಯಬಹುದು? ಸೈಕ್ಲೋಫಾಸ್ಫಮೈಡ್‌ನಂಥ ಔಷಧಗಳು ಅಂಡಾಶಯಕ್ಕೆ ಜಾಸ್ತಿ ಪೆಟ್ಟು ಕೊಡುತ್ತವೆ. ವಯಸ್ಸು ಹೆಚ್ಚಿದಷ್ಟೂ ಅಪಾಯವೂ ಹೆಚ್ಚು. ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸಿದರೆ ಅಂಡಾಣು ಎಷ್ಟು ಉಳಿದಿವೆ ಎಂಬ ಅಂದಾಜು ಸಿಗುತ್ತದೆ.

ಎರಡು ವಾರ ಸಿಕ್ಕರೆ ಅಂಡಾಣು ತೆಗೆಸಿ ಫ್ರೀಜ್ ಮಾಡಿಸಬಹುದು. ಮುಟ್ಟಿಗೆ ಕಾಯಬೇಕಿಲ್ಲ, ಅಂಡಾಣು ಬೆಳೆಸುವ ಇಂಜೆಕ್ಷನ್ ಯಾವ ದಿನ ಬೇಕಾದರೂ ಶುರು ಮಾಡುತ್ತಾರೆ. ಸ್ತನ ಕ್ಯಾನ್ಸರ್ ಇದ್ದವರಿಗೆ ಈಸ್ಟ್ರೋಜನ್ ಹಾರ್ಮೋನ್ ಏರದಂತೆ ಜೊತೆಗೆ ಲೆಟ್ರೊಜೋಲ್ ಮಾತ್ರೆ ಕೊಡುತ್ತಾರೆ. ಮದುವೆಯಾಗದ ಹುಡುಗಿಯೂ ಮಾಡಿಸಬಹುದು. ಇದನ್ನು ಮನೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಇದಕ್ಕಾಗಿ ದಾವಣಗೆರೆಯಿಂದ ಬೆಂಗಳೂರಿಗೆ ಹೋಗುವುದಾದರೆ ಅಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ವಾಸಿ. ಕೆಲವು ದಿನಕ್ಕೊಮ್ಮೆ ಸ್ಕ್ಯಾನಿಂಗ್ ಇರುತ್ತದೆ, ಪ್ರತಿ ಸಲ 260 ಕಿ.ಮೀ. ಓಡಾಡುವುದು ಸುಮ್ನೆ ಸುಸ್ತು. ಕಿಮೋ ಔಷಧಗಳ ಚೀಟಿ ಜೊತೆಗಿರಲಿ, ಕ್ಯಾನ್ಸರ್ ಡಾಕ್ಟರೂ ಅಂಡಾಣು ತೆಗೆಯುವ ಡಾಕ್ಟರೂ ಪರಸ್ಪರ ಮಾತಾಡಲಿ. ಸರ್ಕಾರಿ ಆರೋಗ್ಯ ಕಾರ್ಡ್ ಇದ್ದರೆ ಇದರ ಖರ್ಚು ಬರುತ್ತದೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿಬಿಡಿ.

ಇನ್ನೊಂದು ದಾರಿ ಗೊಸೆರೆಲಿನ್ ಇಂಜೆಕ್ಷನ್. 3.6 ಮಿ.ಗ್ರಾಂ., ಹೊಟ್ಟೆಯ ಚರ್ಮದಡಿ. ಮೊದಲ ಕಿಮೋಗೆ ಕನಿಷ್ಠ ಒಂದು ವಾರ ಮುಂಚೆ ಶುರು, ಆಮೇಲೆ 28 ದಿನಕ್ಕೊಮ್ಮೆ, ಕಿಮೋ ಮುಗಿಯುವವರೆಗೆ. ಅಂಡಾಶಯ ಅಷ್ಟು ಕಾಲ ನಿದ್ದೆಗೆ ಜಾರುತ್ತದೆ. ಮೈಯೆಲ್ಲ ಬಿಸಿಯಾಗಿ ಬೆವರುವುದುಂಟು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಇದು ಬೇರೆ! ಇದರ ಉಪಯೋಗಕ್ಕೆ ಒಳ್ಳೆಯ ಪುರಾವೆ ಇರುವುದು ಮುಖ್ಯವಾಗಿ ಸ್ತನ ಕ್ಯಾನ್ಸರ್‌ನಲ್ಲಿ. ಇದನ್ನೇ ನಂಬಿ ಫ್ರೀಜಿಂಗ್ ಬಿಡಬೇಡಿ. ಸಾಧ್ಯವಾದರೆ ಎರಡನ್ನೂ ಮಾಡಿಸಿ.

ಇನ್ನೂ ಮೈನೆರೆಯದ ಹುಡುಗಿಯರಿಗೆ ಅಂಡಾಶಯದ ತುಣುಕನ್ನೇ ತೆಗೆದು ಕಾಪಿಡುವ ವಿಧಾನವಿದೆ. ರಕ್ತ ಕ್ಯಾನ್ಸರ್ ಇದ್ದರೆ ಆ ತುಣುಕಿನಲ್ಲೂ ರೋಗದ ಕಣ ಇರಬಹುದು, ಎಚ್ಚರ ಬೇಕು.

ಕಿಮೋ ನಡೆಯುವಾಗ ಮುಟ್ಟು ನಿಂತಿದ್ದರೂ ಬಸಿರಾಗಬಹುದು. ಕಾಂಡೋಮ್ ಅಥವಾ ಕಾಪರ್ ಟಿ ಬಗ್ಗೆ ಡಾಕ್ಟರನ್ನು ಕೇಳಿ. ಮುಗಿದ ಮೇಲೆ ಮುಟ್ಟು ಮರಳಿ ಬಂದ ಮಾತ್ರಕ್ಕೆ ಎಲ್ಲ ಸರಿಯಾಯಿತೆಂದು ತಿಳಿಯಬೇಡಿ, ಎಎಂಎಚ್ ಮತ್ತೊಮ್ಮೆ ನೋಡಿಸಿ. ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಟಮಾಕ್ಸಿಫೆನ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಲೂಬೇಡಿ, ಬಸಿರಾಗಲೂಬೇಡಿ.