ಊರಿಗೆ ಇತಿಹಾಸ ಪ್ರದರ್ಶನ ಎರವಲು ತರಿಸುವವರಿಗೆ: ಕೊಡಗಿನ ಶಾಲೆ, ಸಮಾಜಗಳು ಗಮನಿಸಬೇಕಾದದ್ದು

ಸ್ಥಳೀಯ ಇತಿಹಾಸದ ದಾಖಲೆ ಸಂಗ್ರಹಗಳು ಹೊರಗೆ ಎರವಲು ಕೊಡುವುದು ಹೆಚ್ಚಾಗಿ ಮುದ್ರಿತ ಫಲಕಗಳನ್ನು. ಮೂಲಪ್ರತಿಯೇ ಬೇಕೆಂದು ಹಟ ಹಿಡಿಯುವವರಿದ್ದಾರೆ. ಕೊಡಗಿನಲ್ಲಂತೂ ಆ ಹಟ ಬೇಡ. ಗಾಳಿಯ ತೇವ ಶೇ. 65 ದಾಟಿ ಕೆಲವು ದಿನ ನಿಂತರೆ ಸಾಕು, ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಆ ಗೆರೆಯ ಕೆಳಗೆ ಇಳಿಯುವ ದಿನಗಳೇ ಅಪರೂಪ. ಮುದ್ರಿತ ನಕಲು ಊರೂರು ತಿರುಗಲಿ, ಮೂಲ ಇದ್ದಲ್ಲೇ ಇರಲಿ.

ಮೊದಲು ದಿನ ಗೊತ್ತು ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಸಮಾಜದ ಕಟ್ಟಡಗಳು ಮದುವೆಗೆ ಬುಕ್ ಆಗಿರುತ್ತವೆ, ಶಾಲೆಗೂ ರಜೆ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ವಾರದ ನಡುವೆ ಯಾರೂ ಬರುವುದಿಲ್ಲ. ಹಾಗಾಗಿ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಮುಗಿದು ಸುಗ್ಗಿಯ ಹಬ್ಬ ಹುತ್ತರಿ ಬರುವ ತನಕದ ಐದಾರು ವಾರಗಳೇ ಹೇಳಿ ಮಾಡಿಸಿದ ಕಾಲ. ನವೆಂಬರ್ 1 ಕೂಡ ಇದರಲ್ಲೇ ಬರುತ್ತದೆ. 1956ರ ಆ ದಿನ ಕೊಡಗು ಪ್ರತ್ಯೇಕ ರಾಜ್ಯದ ಸ್ಥಾನ ಕಳೆದುಕೊಂಡು ಮೈಸೂರಿಗೆ ಸೇರಿತು. ಈ ವಿಷಯ ಆರಿಸಿಕೊಂಡರೆ ಮಾತಿಗೆ ಮಾತು ಬೆಳೆಯುವುದು ಖಂಡಿತ. ಬಾಗಿಲ ಬಳಿ ಅಭಿಪ್ರಾಯ ಬರೆಯಲು ದಪ್ಪ ಪುಸ್ತಕವನ್ನೇ ಇಡಿ.

ಕನಿಷ್ಠ ಎರಡು ತಿಂಗಳು ಮೊದಲು ಪತ್ರ ಬರೆಯಿರಿ. ಸಾಗಣೆಯ ದಿನಗಳೂ ಸೇರಿ ಒಟ್ಟು ಎಷ್ಟು ದಿನ ಬೇಕು, ರಾತ್ರಿ ಬೀಗ ಯಾರ ಕೈಯಲ್ಲಿರುತ್ತದೆ, ಮಾಡು ಸೋರುತ್ತದೆಯೇ, ಎಷ್ಟು ಉದ್ದದ ಗೋಡೆ ಸಿಗುತ್ತದೆ ಎಂಬುದು ಅದರಲ್ಲಿರಲಿ. ಎರಡೂವರೆ ಅಡಿ ಅಗಲದ 12 ಫಲಕಗಳಿಗೆ, ನಡುವೆ ಅರ್ಧ ಅಡಿ ಬಿಟ್ಟರೆ, ಸುಮಾರು 36 ಅಡಿ ಬೇಕು. ಮುಂದೆ ಓಡಾಡಲು 5 ಅಡಿ ಜಾಗ ಬಿಡಿ, ಇಲ್ಲದಿದ್ದರೆ ಒಂದು ತರಗತಿಯ ಮಕ್ಕಳು ಬಂದಾಗಲೇ ದಾರಿ ಕಟ್ಟುತ್ತದೆ. ಫಲಕ ಯಾವ ಬಗೆಯದೆಂದೂ ಕೇಳಿಕೊಳ್ಳಿ. ಕಾಗದ ಅಂಟಿಸಿದ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ತೇವಕ್ಕೆ ಗುಳ್ಳೆ ಏಳುತ್ತದೆ, ಜೀಪಿನಲ್ಲಿ ಅದರ ಮೂಲೆಗಳು ಜಜ್ಜಿಹೋಗುತ್ತವೆ. ಸುರುಳಿ ಸುತ್ತುವ ಫ್ಲೆಕ್ಸ್ ಸ್ಟ್ಯಾಂಡ್ ಇಲ್ಲಿಗೆ ಮೇಲು. ಆದರೆ ಬಾಗಿಲು ತೆರೆದ ಸಭಾಂಗಣದಲ್ಲಿ ಗಾಳಿಗೆ ಮಗುಚುತ್ತದೆ, ಅದರ ಕಾಲಿನ ಮೇಲೆ ಮರಳಿನ ಚೀಲ ಹೇರಿ.

ಪೆಟ್ಟಿಗೆಗಳು ಬಂದಾಗ ಹೊರಮೈ ಒರೆಸಿ, ಒಂದು ರಾತ್ರಿ ಬಿಚ್ಚದೆ ಬೆಂಚಿನ ಮೇಲೆ ಇರಿಸಿ. ಸಿಮೆಂಟ್ ನೆಲದ ಮೇಲಿಟ್ಟರೆ ಅಡಿಯಿಂದ ತೇವ ಹೀರುತ್ತದೆ. ಬಿಚ್ಚುವಾಗ ಇಬ್ಬರಿರಲಿ: ಒಬ್ಬರು ಸ್ಥಿತಿ ಪಟ್ಟಿಯಲ್ಲಿ ಗೀರು, ಕಲೆ ಗುರುತು ಹಾಕಲಿ, ಇನ್ನೊಬ್ಬರು ಫೋಟೋ ತೆಗೆಯಲಿ. ಮೊದಲೇ ಇದ್ದ ಗೀರಿಗೆ ಆಮೇಲೆ ನೀವು ದುಡ್ಡು ಕಟ್ಟುವ ಪ್ರಸಂಗ ಇದರಿಂದ ತಪ್ಪುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ಫಲಕ ತಾಗಿಸಬೇಡಿ, ಎರಡು ಇಂಚು ಸಂದು ಬಿಡಿ. ಫಲಕದ ನಡುಭಾಗ ನೆಲದಿಂದ 145 ಸೆಂ.ಮೀ. ಎತ್ತರಕ್ಕೆ ಬರಲಿ, ಚಿಕ್ಕ ಮಕ್ಕಳೇ ನೋಡುವುದಾದರೆ 120 ಸಾಕು.

ಎಲ್ಲ ಹೇಳಿಯೂ ಯಾವುದಾದರೂ ಮನೆಯವರು ತಮ್ಮ ಹಳೆಯ ಪತ್ರವನ್ನು ಇಡಲೇಬೇಕೆಂದರೆ ಬೀಗವಿರುವ ಗಾಜಿನ ಪೆಟ್ಟಿಗೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಮೇಲೆ 50 ಲಕ್ಸ್ (ಬೆಳಕಿನ ಅಳತೆ) ಮೀರದ ಬೆಳಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದರ ಕೆಲಸ ಮುಗಿಯಿತೆಂದು ಅರ್ಥ, ಬದಲಿಸಿ.

ಪ್ರದರ್ಶನಕ್ಕಿಂತ ದೊಡ್ಡ ಲಾಭ ಪಕ್ಕದಲ್ಲಿ ಹಾಕುವ ಸ್ಕ್ಯಾನಿಂಗ್ ಮೇಜಿನಿಂದ. ಫಲಕ ನೋಡಿದವರಿಗೆ ಮನೆಯ ಪೆಟ್ಟಿಗೆಯಲ್ಲಿರುವ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಪತ್ರ, ಸೇನೆಯ ಡಿಸ್ಚಾರ್ಜ್ ಕಾಗದ, ತೋಟದ ಲೆಕ್ಕದ ಪುಸ್ತಕ, ಮದುವೆಯ ಫೋಟೋ ನೆನಪಾಗುತ್ತವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರನ್ನು ಕಂಡ ಜಿಲ್ಲೆಗೆ ಪ್ರತಿ ಏಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಇಂಥ ಸೇವೆ ಇದೆಯೇ ಎಂದು ಸಂಗ್ರಹದವರನ್ನು ಎರವಲು ಪತ್ರದಲ್ಲೇ ಕೇಳಿ. ಕಾಗದಕ್ಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ), ಫೋಟೋಗೆ 600, ಪಾಸ್‌ಪೋರ್ಟ್ ಅಳತೆಯದಾದರೆ 1200. ಕಪ್ಪು-ಬಿಳುಪಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಮುದ್ರೆಯೂ ಮಾಸಿದ ಶಾಯಿಯೂ ಆಗ ಮಾತ್ರ ಬೇರೆಯಾಗಿ ಕಾಣುತ್ತವೆ. ಟಿಫ್ (ಕುಗ್ಗಿಸದ ಚಿತ್ರ ಕಡತ) ರೂಪದಲ್ಲಿ ಎ4 ಹಾಳೆಯೊಂದು 300 ಡಿಪಿಐನಲ್ಲಿ ಸುಮಾರು 26 ಎಂಬಿ, 600ರಲ್ಲಿ 100 ಎಂಬಿ ದಾಟುತ್ತದೆ, ಹಾರ್ಡ್ ಡಿಸ್ಕ್ ಎರಡು ತನ್ನಿ. ಕರೆಂಟ್ ಹೋಗುವುದು ಇದ್ದದ್ದೇ, ಯುಪಿಎಸ್ ಇಲ್ಲದೆ ಕೂರಬೇಡಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆದು ಕೀಳದೆ ಬಿಡಿಸಿ. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ, ಅದರ ಅಂಟು ವರ್ಷಗಳಲ್ಲಿ ಕಂದುಗಟ್ಟಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಶನ್ ಅದಕ್ಕಿಂತ ಕೇಡು, ಒಮ್ಮೆ ಬೆಸೆದರೆ ಬಿಡಿಸಲಾಗದು. ತಂದವರ ಕೈಗೇ ಮೂಲವನ್ನು ಅಂದೇ ಮರಳಿಸಿ.

ಒಪ್ಪಿಗೆ ಪತ್ರದಲ್ಲಿ ಎಡವುವವರು ಹೆಚ್ಚು. ಐನ್‌ಮನೆಯ (ಮೂಲಮನೆಯ) ಕಾಗದ ಇಡೀ ಒಕ್ಕಕ್ಕೆ, ಅಂದರೆ ಒಂದೇ ಮನೆತನದ ಎಲ್ಲರಿಗೂ ಸೇರಿದ್ದು. ತಂದವರ ಸಹಿಯ ಜತೆ ಒಕ್ಕದ ಹಿರಿಯರಾದ ಪಟ್ಟೆದಾರರ ಒಪ್ಪಿಗೆಯೂ ಇರಲಿ. ಆಸ್ತಿಯ ವ್ಯಾಜ್ಯ ನಡೆಯುತ್ತಿದ್ದರೆ ಆ ಪತ್ರ ಹತ್ತು ಮಂದಿಯ ಕಣ್ಣಿಗೆ ಬೀಳುವುದು ಮನೆಯವರಿಗೆ ಇಷ್ಟವಿರಲಾರದು. ‘ಸಂರಕ್ಷಣೆಗೆ ಮಾತ್ರ’, ‘ಸಂಶೋಧಕರಿಗೆ’, ‘ಎಲ್ಲರಿಗೂ’ ಎಂದು ಮೂರು ಆಯ್ಕೆ ಕೊಟ್ಟು ಒಂದಕ್ಕೆ ಗುರುತು ಹಾಕಿಸಿ.

ವಾಪಸು ಕಳಿಸುವಾಗ ಬಂದ ಪೆಟ್ಟಿಗೆಗೇ, ಅದೇ ಕ್ರಮದಲ್ಲಿ ತುಂಬಿ. ಒದ್ದೆ ಫ್ಲೆಕ್ಸ್ ಸುತ್ತಿದರೆ ಮುದ್ರಣ ಒಂದಕ್ಕೊಂದು ಅಂಟುತ್ತದೆ, ಒಣಬಟ್ಟೆಯಲ್ಲಿ ಒರೆಸಿ ಆರಿದ ಮೇಲೆ ಸುತ್ತಿ. ಏನಾದರೂ ಹಾಳಾಗಿದ್ದರೆ ನೀವೇ ರಿಪೇರಿ ಮಾಡದೆ ಫೋಟೋ ತೆಗೆದು ತಿಳಿಸಿ.

ಪ್ರದರ್ಶನ ನೋಡಿ ತಮ್ಮ ಊರಿನ ದಾಖಲೆ ಹುಡುಕಿಕೊಡಿ ಎನ್ನುವವರು ಬಂದೇ ಬರುತ್ತಾರೆ. ಅವರಿಂದ ಒಕ್ಕದ ಹೆಸರು, ಗ್ರಾಮ, ನಾಡು (ಹಳೆಯ ಆಡಳಿತ ವಿಭಾಗ), ಅಂದಾಜು ಇಸವಿ ಬರೆಸಿಕೊಳ್ಳಿ. ಬ್ರಿಟಿಷರ ಕಾಲದ ಕಡತಗಳಲ್ಲಿ ಪೊನ್ನಂಪೇಟೆ ತಾಲ್ಲೂಕೆಂದು ಹುಡುಕಿದರೆ ಏನೂ ಸಿಗದು, ಆಗಿನ ಹೆಸರಾದ ಕಿಗ್ಗಟ್ಟುನಾಡು ಎಂದು ಹುಡುಕಬೇಕು. ವಿರಾಜಪೇಟೆ ಎಡೆನಾಲ್ಕುನಾಡಿನಲ್ಲಿ, ನಾಪೋಕ್ಲು ಪಡಿನಾಲ್ಕುನಾಡಿನಲ್ಲಿ ಇರುತ್ತದೆ. ಕುಶಾಲನಗರ ಫ್ರೇಸರ್‌ಪೇಟೆಯಾಗಿಯೂ ಮಡಿಕೇರಿ ಮರ್ಕೆರಾ ಆಗಿಯೂ ಕಾಣಿಸುತ್ತವೆ. ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ 1834ಕ್ಕೆ ಹಿಂದಿನದಾದರೆ ಅದು ರಾಜರ ಆಡಳಿತದ ಕನ್ನಡ, ಆ ಕೈಬರಹ ಓದಬಲ್ಲವರನ್ನು ಮೊದಲು ಹುಡುಕಿಕೊಳ್ಳಿ. ಕೋರ್ಟಿಗೋ ಬ್ಯಾಂಕಿಗೋ ಬೇಕಾದ ದೃಢೀಕೃತ ನಕಲು ಮಾತ್ರ ಸಂಗ್ರಹದವರ ಕೆಲಸವಲ್ಲ, ಅದು ಬೇಕಾದವರನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಕಳಿಸಿ.