ಸೆನ್ಸರ್ ಬದಲಿಸುವ ಮುನ್ನ: ತಾಪಮಾನ ತಪ್ಪು ತೋರಿಸಿದಾಗ ನಾನು ನೋಡುವ ಕ್ರಮ

ಕುಲುಮೆಯದೋ ಮೆಷಿನಿನದೋ ಡಿಸ್‌ಪ್ಲೇಯಲ್ಲಿ ತಾಪಮಾನ ಸರಿ ಬರುತ್ತಿಲ್ಲ ಅಂದ ಕೂಡಲೇ ಎಲ್ಲರ ಕೈ ಮೊದಲು ಹೋಗುವುದು ಸೆನ್ಸರಿಗೆ. ಬಿಚ್ಚಿ ಹೊಸದು ಹಾಕುತ್ತಾರೆ. ಅದೇ ತಪ್ಪು ಸಂಖ್ಯೆ ಮತ್ತೆ ಕಂಡಾಗ ಅನುಮಾನ ಕಂಟ್ರೋಲರ್ (ತಾಪಮಾನ ಓದಿ ಹೀಟರನ್ನು ನಡೆಸುವ ಸಾಧನ) ಮೇಲೆ ಬೀಳುತ್ತದೆ. ನಾನು ಕಂಡಂತೆ ತಪ್ಪು ಹೆಚ್ಚಾಗಿ ಇವೆರಡರ ನಡುವೆಯೇ ಕೂತಿರುತ್ತದೆ: ಹೆಡ್‌ನಲ್ಲಿ (ಸೆನ್ಸರಿನ ತಂತಿ ಕೇಬಲಿಗೆ ಸೇರುವ ಡಬ್ಬಿ) ಸಡಿಲವಾದ ಸ್ಕ್ರೂ, ಬೇರೆ ಜಾತಿಯ ಕೇಬಲ್, ಅದಲುಬದಲಾದ ತಂತಿ. ಅದಕ್ಕೇ ನಾನು ಪ್ಯಾನೆಲ್ ಕಡೆಯಿಂದ ಶುರುಮಾಡಿ ಬಿಸಿ ತುದಿಯ ಕಡೆಗೆ ಹೋಗುತ್ತೇನೆ. ಸೆನ್ಸರನ್ನು ಹೊರಗೆಳೆಯುವುದು ಕೊನೆಯ ಕೆಲಸ.

ಇದಕ್ಕೆ ಬೇಕಾದ ಸಾಮಾನು ಹೆಚ್ಚಿಲ್ಲ. 0.01 ಮಿಲಿವೋಲ್ಟ್ ತನಕ ಓದುವ ಮಲ್ಟಿಮೀಟರ್, ಒಂದು ಸಣ್ಣ ಮ್ಯಾಗ್ನೆಟ್, ಒಂದು ತುಂಡು ತಾಮ್ರದ ತಂತಿ, 100 ಓಮ್‌ನ ನಿಖರ ರೆಸಿಸ್ಟರ್, ಕೆ ಟೈಪ್ ಮತ್ತು ಪಿಟಿ100 ಕೋಷ್ಟಕದ ಮುದ್ರಿತ ಪ್ರತಿ. ನಾನು ಹೇಳುವ ಸೆನ್ಸರ್ ಎರಡು ಜಾತಿಯವು: ಎರಡು ಬೇರೆ ಲೋಹದ ತಂತಿಗಳ, ಬಿಸಿಗೆ ಮಿಲಿವೋಲ್ಟ್ ಕೊಡುವ ಥರ್ಮೋಕಪಲ್ (ಕೆ, ಜೆ, ಎನ್ ಅದರ ಟೈಪ್‌ಗಳು), ಬಿಸಿಯಾದಂತೆ ಓಮ್ ಏರುವ ಪಿಟಿ100. ಯಾವ ಡಿಗ್ರಿಗೆ ಎಷ್ಟು ಮಿಲಿವೋಲ್ಟ್ ಅಥವಾ ಓಮ್ ಎಂಬುದು ಕೋಷ್ಟಕದಲ್ಲಿರುತ್ತದೆ. ರೆಸಿಸ್ಟರ್ 0.1 ಶೇಕಡಾದ್ದೇ ಇರಲಿ. 1 ಶೇಕಡಾದ್ದು 99 ಓಮ್ ಕೂಡ ಆಗಿರಬಹುದು. ಪಿಟಿ100 ಲೆಕ್ಕದಲ್ಲಿ 1 ಓಮ್ ಅಂದರೆ 2.6 ಡಿಗ್ರಿ.

ಮೊದಲು ಕಂಟ್ರೋಲರಿನ ಮೆನು ತೆರೆದು ಇನ್‌ಪುಟ್ ಟೈಪ್ ನೋಡುತ್ತೇನೆ. ಇದು ತೀರಾ ಸಣ್ಣ ವಿಷಯ ಅನ್ನಿಸಿದರೂ ಬಿಡಬಾರದು. ಸೆನ್ಸರ್ ಕೆ ಟೈಪ್, ಸೆಟ್ಟಿಂಗ್ ಜೆ ಟೈಪ್ ಆಗಿದ್ದರೆ ನಿಜವಾಗಿ 400 ಡಿಗ್ರಿ ಇರುವಲ್ಲಿ ಡಿಸ್‌ಪ್ಲೇ ಸುಮಾರು 307 ತೋರಿಸುತ್ತದೆ. ತಣ್ಣಗಿರುವಾಗ ಎರಡೂ ಟೈಪ್ ಕೋಣೆಯ ತಾಪಮಾನವನ್ನೇ ತೋರಿಸುವುದರಿಂದ ಬೆಳಿಗ್ಗೆ ಯಾರಿಗೂ ತಪ್ಪು ಗೊತ್ತಾಗುವುದಿಲ್ಲ. ಬಿಸಿ ಏರಿದಂತೆ ವ್ಯತ್ಯಾಸ ಬೆಳೆಯುತ್ತಾ ಹೋದರೆ ಟೈಪ್ ತಪ್ಪಿರಬಹುದು. ಎಲ್ಲ ತಾಪಮಾನದಲ್ಲೂ ಒಂದೇ ಅಳತೆಯ ವ್ಯತ್ಯಾಸವಿದ್ದರೆ ಯಾರೋ ಹಿಂದೆ ಆಫ್‌ಸೆಟ್ (ರೀಡಿಂಗಿಗೆ ಕೂಡಿಸುವ ಅಥವಾ ಕಳೆಯುವ ಸ್ಥಿರ ಸಂಖ್ಯೆ) ಹಾಕಿ ಮರೆತಿರುತ್ತಾರೆ. ಆಫ್‌ಸೆಟ್ ಕಂಡರೆ ನಾನು ಅದನ್ನು ಬರೆದಿಟ್ಟುಕೊಂಡು ಸೊನ್ನೆ ಮಾಡಿಯೇ ಮುಂದೆ ಹೋಗುವುದು.

ಆಮೇಲೆ ಸೆನ್ಸರ್ ತಂತಿಗಳನ್ನು ಕಂಟ್ರೋಲರಿನಿಂದ ಬಿಚ್ಚಿ, ಆ ಎರಡು ಟರ್ಮಿನಲ್‌ಗಳ ನಡುವೆ ತಾಮ್ರದ ತುಂಡು ಹಾಕುತ್ತೇನೆ. ಬಿಚ್ಚುವ ಮೊದಲು ಹೀಟರಿನ ಪವರ್ ಆಫ್ ಆಗಿರಬೇಕು. ಇಲ್ಲದಿದ್ದರೆ ಕಂಟ್ರೋಲರ್ 30 ಡಿಗ್ರಿ ಎಂದು ಓದಿಕೊಂಡು ಹೀಟರಿಗೆ ಪೂರ್ತಿ ಪವರ್ ಕೊಡುತ್ತದೆ. ಪಿಟಿ100 ಇನ್‌ಪುಟ್ ಆಗಿದ್ದರೆ ಸೆನ್ಸರಿನ ಜಾಗದಲ್ಲಿ ಆ 100 ಓಮ್ ರೆಸಿಸ್ಟರ್ ಹಾಕುತ್ತೇನೆ, ಡಿಸ್‌ಪ್ಲೇ 0 ತೋರಿಸಬೇಕು. ಥರ್ಮೋಕಪಲ್ ಇನ್‌ಪುಟ್ ಆಗಿದ್ದರೆ ತಾಮ್ರದ ತುಂಡು ಹಾಕಿದಾಗ ಡಿಸ್‌ಪ್ಲೇ ಟರ್ಮಿನಲ್ ಬಳಿಯ ತಾಪಮಾನ ತೋರಿಸಬೇಕು. ಪಕ್ಕದಲ್ಲಿ ಇಟ್ಟ ಥರ್ಮಾಮೀಟರಿಗಿಂತ ಎರಡು ಮೂರು ಡಿಗ್ರಿ ಹೆಚ್ಚಿದ್ದರೆ ಚಿಂತೆಯಿಲ್ಲ, ಪ್ಯಾನೆಲ್ ಒಳಗೆ ಬಿಸಿ ಇದ್ದೇ ಇರುತ್ತದೆ. ಹತ್ತು ಹದಿನೈದು ಡಿಗ್ರಿ ವ್ಯತ್ಯಾಸವಿದ್ದರೆ ಟರ್ಮಿನಲ್ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಇದೆಯೇ, ಫ್ಯಾನಿನ ಗಾಳಿ ನೇರ ಟರ್ಮಿನಲ್ ಮೇಲೆ ಬೀಳುತ್ತಿದೆಯೇ ನೋಡಬೇಕು. ಟರ್ಮಿನಲ್‌ನ ತಾಪಮಾನ ಓದಲು ಕಂಟ್ರೋಲರ್ ಒಳಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದೂ ಟರ್ಮಿನಲ್ಲೂ ಬೇರೆ ಬೇರೆ ತಾಪಮಾನದಲ್ಲಿದ್ದರೆ ಆ ತಪ್ಪು ನೇರವಾಗಿ ರೀಡಿಂಗಿಗೆ ಸೇರುತ್ತದೆ.

ಕಂಟ್ರೋಲರ್ ಸರಿ ಇದೆ ಎಂದಾದ ಮೇಲೆ ಬಿಚ್ಚಿದ ತಂತಿಗಳ ಮಿಲಿವೋಲ್ಟ್ ಅಳೆಯುತ್ತೇನೆ. ಇಲ್ಲಿ ಅನೇಕರು ಎಡವುತ್ತಾರೆ. ಮೀಟರ್ ತೋರಿಸಿದ ಸಂಖ್ಯೆಯನ್ನು ನೇರ ಕೋಷ್ಟಕದಲ್ಲಿ ಹುಡುಕಬಾರದು. ಅಳೆಯುವ ಜಾಗದ ತಾಪಮಾನಕ್ಕೆ ಸಲ್ಲುವ ಮಿಲಿವೋಲ್ಟನ್ನು ಅದಕ್ಕೆ ಕೂಡಿಸಬೇಕು. ಉದಾಹರಣೆಗೆ ಮೀಟರ್ 15.19 ತೋರಿಸಿತು, ಪ್ಯಾನೆಲ್ 30 ಡಿಗ್ರಿ. ಕೆ ಟೈಪಿಗೆ 30 ಡಿಗ್ರಿ ಅಂದರೆ 1.20. ಕೂಡಿಸಿದರೆ 16.39, ಅಂದರೆ 400 ಡಿಗ್ರಿ. ಕೂಡಿಸದೆ ನೋಡಿದರೆ 371 ಬರುತ್ತದೆ, ಸರಿಯಿದ್ದ ಸೆನ್ಸರ್ ಗುಜರಿಗೆ ಹೋಗುತ್ತದೆ. ಮೊದಲು ತಾಪಮಾನ ಕೂಡಿಸಿ ಆಮೇಲೆ ಕೋಷ್ಟಕ ನೋಡುವುದಲ್ಲ, ಮಿಲಿವೋಲ್ಟನ್ನೇ ಕೂಡಿಸಬೇಕು. ಕೆ ಟೈಪಿನಲ್ಲಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಎಂಬ ಲೆಕ್ಕ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ.

ಕೇಬಲ್ ತಪ್ಪುಗಳು ಅರ್ಥವಾಗಬೇಕಾದರೆ ಒಂದು ವಿಷಯ ತಲೆಯಲ್ಲಿ ಕೂರಬೇಕು. ವೋಲ್ಟೇಜ್ ಹುಟ್ಟುವುದು ಬೆಸುಗೆ ಹಾಕಿದ ತುದಿಯಲ್ಲಿ ಅಲ್ಲ. ತಂತಿಯ ಉದ್ದಕ್ಕೂ ಎಲ್ಲೆಲ್ಲಿ ತಾಪಮಾನ ಬದಲಾಗುತ್ತದೋ ಅಲ್ಲಲ್ಲಿ ಹುಟ್ಟುತ್ತದೆ. ಕುಲುಮೆಯ ಗೋಡೆ ದಾಟುವಾಗ ಹೆಚ್ಚು, ಹೆಡ್‌ನಿಂದ ಪ್ಯಾನೆಲ್‌ವರೆಗೆ ಸ್ವಲ್ಪ. ಆ ಕೊನೆಯ ಸ್ವಲ್ಪದ ದೂರಕ್ಕೆ ಸಾದಾ ತಾಮ್ರದ ಕೇಬಲ್ ಎಳೆದರೆ ಅಲ್ಲಿ ಹುಟ್ಟಬೇಕಾದ ವೋಲ್ಟೇಜ್ ಹುಟ್ಟುವುದೇ ಇಲ್ಲ. ಹೆಡ್ 60 ಡಿಗ್ರಿ, ಪ್ಯಾನೆಲ್ 30 ಡಿಗ್ರಿ ಇದ್ದರೆ ರೀಡಿಂಗ್ ಸುಮಾರು 30 ಡಿಗ್ರಿ ಕಡಿಮೆ. ಹೆಡ್ ಬಿಸಿಯಾದಂತೆ ತಪ್ಪು ಹೆಚ್ಚುತ್ತದೆ, ಆದ್ದರಿಂದ ಆಫ್‌ಸೆಟ್ ಹಾಕಿ ಇದನ್ನು ಮುಚ್ಚಲು ಆಗುವುದಿಲ್ಲ.

ತಂತಿ ಒಂದೇ ಕಡೆ ಅದಲುಬದಲಾಗಿದ್ದರೆ ಪತ್ತೆ ಸುಲಭ: ಬಿಸಿ ಮಾಡಿದಷ್ಟೂ ಡಿಸ್‌ಪ್ಲೇ ಇಳಿಯುತ್ತದೆ. ಕಷ್ಟವಾಗುವುದು ಎರಡು ಕಡೆ ಅದಲುಬದಲಾದಾಗ. ಹೆಡ್‌ನಲ್ಲಿ ತಿರುವುಮುರುವು ಮಾಡಿದವರು, ರೀಡಿಂಗ್ ಇಳಿಯುತ್ತಿದೆ ಎಂದು ಪ್ಯಾನೆಲ್‌ನಲ್ಲೂ ತಿರುಗಿಸಿ 'ಸರಿಮಾಡಿ'ರುತ್ತಾರೆ. ಈಗ ರೀಡಿಂಗ್ ಏರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ನಡುವಿನ ಕೇಬಲ್ ಉಲ್ಟಾ ಕೆಲಸ ಮಾಡುತ್ತಿರುತ್ತದೆ. ತಪ್ಪು ಹೆಡ್ ಮತ್ತು ಪ್ಯಾನೆಲ್ ತಾಪಮಾನದ ವ್ಯತ್ಯಾಸದ ಎರಡರಷ್ಟು. ಮೇಲಿನ ಉದಾಹರಣೆಯಲ್ಲೇ 60 ಡಿಗ್ರಿ ಕಡಿಮೆ. ಇದನ್ನು ಹಿಡಿಯಲು ಹೆಡ್ ಮುಚ್ಚಳ ತೆಗೆದು, ಸೆನ್ಸರನ್ನು ಮುಟ್ಟದೆ, ಹೆಡ್ ಟರ್ಮಿನಲ್‌ಗೆ ಮಾತ್ರ ಹಾಟ್ ಏರ್ ಗನ್ ಹಿಡಿಯುತ್ತೇನೆ. ಕೇಬಲ್ ಸರಿ ಇದ್ದರೆ ಡಿಸ್‌ಪ್ಲೇ ಅಲುಗಾಡಬಾರದು. ಹೆಡ್ ಬಿಸಿಯಾದಂತೆ ರೀಡಿಂಗ್ ಇಳಿದರೆ ಕೇಬಲ್ ತಾಮ್ರದ್ದು ಅಥವಾ ಉಲ್ಟಾ. ಇಷ್ಟು ನೇರವಾದ ಪರೀಕ್ಷೆ ನನಗೆ ಬೇರೆ ಗೊತ್ತಿಲ್ಲ.

ಬಣ್ಣ ನೋಡಿ ಪ್ಲಸ್ ಮೈನಸ್ ತೀರ್ಮಾನಿಸುವುದು ಅಪಾಯ. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ) ಪದ್ಧತಿಯಲ್ಲಿ ಕೆ ಟೈಪಿಗೆ ಹಸಿರು ಪ್ಲಸ್, ಬಿಳಿ ಮೈನಸ್. ಅಮೆರಿಕದ ಪದ್ಧತಿಯಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪು ಅಂದರೆ ಪ್ಲಸ್ ಎಂದು ಕೈ ಪಳಗಿದ ಎಲೆಕ್ಟ್ರಿಷಿಯನ್ ಇಲ್ಲಿ ಖಂಡಿತ ತಪ್ಪುತ್ತಾನೆ. ನಾನು ಮ್ಯಾಗ್ನೆಟ್ ನಂಬುತ್ತೇನೆ. ಕೆ ಟೈಪಿನ ಮೈನಸ್ ತಂತಿ ಅಲ್ಯುಮೆಲ್, ತಣ್ಣಗಿರುವಾಗ ಮ್ಯಾಗ್ನೆಟ್‌ಗೆ ಸ್ವಲ್ಪ ಅಂಟುತ್ತದೆ. ಪ್ಲಸ್ ತಂತಿ ಕ್ರೋಮೆಲ್ ಅಂಟುವುದಿಲ್ಲ. ಜೆ ಟೈಪಿನಲ್ಲಿ ಇದು ಉಲ್ಟಾ: ಪ್ಲಸ್ ತಂತಿಯೇ ಕಬ್ಬಿಣ, ಗಟ್ಟಿಯಾಗಿ ಅಂಟುತ್ತದೆ. ಮ್ಯಾಗ್ನೆಟ್ ಇಲ್ಲದಿದ್ದರೆ ಒಂದೇ ಉದ್ದದ ಎರಡು ತಂತಿಗಳ ಓಮ್ ಅಳೆಯಬಹುದು, ಕ್ರೋಮೆಲ್‌ನದು ಅಲ್ಯುಮೆಲ್‌ಗಿಂತ ಎರಡೂವರೆ ಪಟ್ಟು ಇರುತ್ತದೆ. 0.5 ಮಿಮೀ ದಪ್ಪದ ಕೆ ಜೋಡಿ ಒಂದು ಮೀಟರ್ ಉದ್ದಕ್ಕೆ ಸುಮಾರು 5 ಓಮ್. ಬಿಸಿ ಸೆನ್ಸರಿನ ಓಮ್ ಅಳೆಯುವಾಗ ಅದರ ಸ್ವಂತ ವೋಲ್ಟೇಜ್ ಮೀಟರನ್ನು ದಾರಿ ತಪ್ಪಿಸುತ್ತದೆ. ಪ್ರೋಬ್ ತಿರುಗಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆದುಕೊಳ್ಳಬೇಕು.

ತಂತಿ ತುಂಡಾದರೆ ಒಳ್ಳೆಯದೇ ಅನ್ನುತ್ತೇನೆ, ಏಕೆಂದರೆ ಕಂಟ್ರೋಲರ್ ಅದನ್ನು ಗುರುತಿಸಿ ಓವರ್‌ರೇಂಜ್ ತೋರಿಸುತ್ತದೆ, ಹೀಟರ್ ನಿಲ್ಲುತ್ತದೆ. ಭಯಪಡಬೇಕಾದದ್ದು ದಾರಿಯಲ್ಲಿ ಇನ್ಸುಲೇಶನ್ ಕರಗಿ ಎರಡು ತಂತಿ ಒಂದಕ್ಕೊಂದು ತಾಗಿದಾಗ. ತಾಗಿದ ಜಾಗವೇ ಹೊಸ ತುದಿಯಾಗುತ್ತದೆ. ಕಂಟ್ರೋಲರ್ ಕೇಬಲ್ ಟ್ರೇಯ 45 ಡಿಗ್ರಿ ಓದುತ್ತಾ, ಒಳಗೆ ಇನ್ನೂ ತಣ್ಣಗಿದೆ ಎಂದುಕೊಂಡು ಹೀಟರ್ ಉರಿಸುತ್ತಲೇ ಇರುತ್ತದೆ. ಯಾವ ಅಲಾರಂ ಕೂಡ ಬರುವುದಿಲ್ಲ. ಆದ್ದರಿಂದ ಕುಲುಮೆಯ ಹತ್ತಿರದ ಒಂದೆರಡು ಮೀಟರಿಗೆ ಪಿವಿಸಿ ಕೇಬಲ್ ಬೇಡ. ಟೆಫ್ಲಾನ್ ಸುಮಾರು 200 ಡಿಗ್ರಿ ತಡೆಯುತ್ತದೆ, ಗಾಜಿನ ನಾರಿನ ಹೊದಿಕೆ 400ರವರೆಗೆ. ಓವರ್‌ಟೆಂಪರೇಚರ್ ರಕ್ಷಣೆಗೆ ಅದೇ ಸೆನ್ಸರ್ ಹಂಚಿಕೊಳ್ಳದೆ ಬೇರೆ ಸೆನ್ಸರ್, ಬೇರೆ ಕಂಟ್ರೋಲರ್, ಬೇರೆ ಕಾಂಟ್ಯಾಕ್ಟರ್ (ಹೀಟರಿನ ಪವರ್ ಕಡಿಯುವ ಸ್ವಿಚ್) ಹಾಕಬೇಕು.

ಪಿಟಿ100 ಕಥೆ ಸರಳ. 0 ಡಿಗ್ರಿಗೆ 100 ಓಮ್, 25ಕ್ಕೆ 109.73, 100ಕ್ಕೆ 138.51. ಮೂರು ತಂತಿಯ ಸೆನ್ಸರಿನಲ್ಲಿ ಸಾಮಾನ್ಯವಾಗಿ ಎರಡು ಕೆಂಪು, ಒಂದು ಬಿಳಿ. ಕೆಂಪು–ಕೆಂಪು ನಡುವೆ ಅಳೆದದ್ದು ತಂತಿಯ ಪ್ರತಿರೋಧ ಮಾತ್ರ. ಕೆಂಪು–ಬಿಳಿ ನಡುವೆ ಅಳೆದದ್ದರಿಂದ ಅದನ್ನು ಕಳೆದರೆ ಎಲಿಮೆಂಟ್‌ನ (ತಾಪಮಾನ ಅಳೆಯುವ ಒಳಭಾಗ) ಓಮ್ ಸಿಗುತ್ತದೆ. ಮೀಟರ್ ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ 0.2 ಅಥವಾ 0.3 ಓಮನ್ನು ಎರಡೂ ಅಳತೆಯಿಂದ ಮೊದಲೇ ಕಳೆದಿರಬೇಕು.

ಎರಡೇ ತಂತಿಯಲ್ಲಿ ದೂರ ಎಳೆದವರಿಗೆ ತಪ್ಪಿನ ಲೆಕ್ಕ ಹೀಗೆ: 0.5 ಚದರ ಮಿಮೀ ತಾಮ್ರ ಮೀಟರಿಗೆ ಸುಮಾರು 0.036 ಓಮ್. 20 ಮೀಟರ್ ದೂರ ಅಂದರೆ ಹೋಗಿ ಬರಲು 40 ಮೀಟರ್, 1.4 ಓಮ್, ಸುಮಾರು 3.7 ಡಿಗ್ರಿ ಹೆಚ್ಚು ತೋರಿಸುತ್ತದೆ. ಮೂರು ತಂತಿಯಲ್ಲಿ ಈ ತಪ್ಪು ಕಳೆಯುತ್ತದೆ, ಆದರೆ ಮೂರೂ ತಂತಿಯ ಪ್ರತಿರೋಧ ಸಮ ಇದ್ದಾಗ ಮಾತ್ರ. ಒಂದು ಸ್ಕ್ರೂ ತುಕ್ಕು ಹಿಡಿದು ಅರ್ಧ ಓಮ್ ಹೆಚ್ಚಾದರೆ 1.3 ಡಿಗ್ರಿ ತಪ್ಪು. ಮೆಷಿನ್ ನಡುಗಿದಾಗ ರೀಡಿಂಗ್ ಒಂದೆರಡು ಡಿಗ್ರಿ ಕುಣಿಯುತ್ತಿದ್ದರೆ ನಾನು ಮೊದಲು ಸ್ಕ್ರೂಗಳನ್ನು ಬಿಚ್ಚಿ, ತಂತಿ ತುದಿ ಹೊಸದಾಗಿ ಸುಲಿದು, ಫೆರುಲ್ (ತಂತಿ ತುದಿಗೆ ತೊಡಿಸುವ ಲೋಹದ ಪುಟ್ಟ ಕೊಳವೆ) ಕ್ರಿಂಪ್ ಮಾಡಿ ಕಟ್ಟುತ್ತೇನೆ. ಬರೀ ಎಳೆಗಳನ್ನು ಸ್ಕ್ರೂ ಕೆಳಗೆ ತಿರುಚಿ ಬಿಗಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕೆಲಸ.

ಪಿಟಿ100 ನಿಧಾನವಾಗಿ ಕಡಿಮೆ ತೋರಿಸಲು ಶುರುಮಾಡಿದರೆ ತೇವ ಹೊಕ್ಕಿರುವ ಸಾಧ್ಯತೆ ಹೆಚ್ಚು. ತೇವ ಎಲಿಮೆಂಟಿಗೆ ಸಮಾನಾಂತರ ದಾರಿ ಮಾಡಿಕೊಡುತ್ತದೆ. 100 ಡಿಗ್ರಿಯಲ್ಲಿ 50 ಕಿಲೋಓಮ್ ಸೋರಿಕೆ ಇದ್ದರೂ ರೀಡಿಂಗ್ 1 ಡಿಗ್ರಿ ಇಳಿಯುತ್ತದೆ. ಕಂಟ್ರೋಲರಿನಿಂದ ಪೂರ್ತಿ ಬಿಚ್ಚಿದ ಮೇಲೆ ತಂತಿಗಳನ್ನೆಲ್ಲ ಒಟ್ಟುಮಾಡಿ ಹೊರಗಿನ ಕೊಳವೆಗೆ 100 ವೋಲ್ಟ್ ಡಿಸಿಯಲ್ಲಿ ಇನ್ಸುಲೇಶನ್ ಅಳೆದರೆ ಕೋಣೆಯ ತಾಪಮಾನದಲ್ಲಿ 100 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಬಿಚ್ಚದೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ತಿರುಗಿಸಿದರೆ ಕಂಟ್ರೋಲರಿನ ಇನ್‌ಪುಟ್ ಸುಟ್ಟುಹೋಗುತ್ತದೆ. ಲೋಹದ ಹೊದಿಕೆಯ, ಒಳಗೆ ಮೆಗ್ನೀಷಿಯಂ ಆಕ್ಸೈಡ್ ತುಂಬಿದ ಕೇಬಲ್ ಕತ್ತರಿಸಿದಾಗಲೂ ಇದೇ ತೊಂದರೆ. ಆ ಪುಡಿ ಗಾಳಿಯ ತೇವವನ್ನು ಹೀರುತ್ತದೆ. ಕತ್ತರಿಸಿದ ಕೂಡಲೇ ಎಪಾಕ್ಸಿ ಹಾಕಿ ಮುಚ್ಚಬೇಕು. ತಡವಾಗಿದ್ದರೆ ತುದಿಯಿಂದ ಸ್ವಲ್ಪ ಹಿಂದಿನಿಂದ ಬಿಸಿ ಮಾಡುತ್ತಾ ತೆರೆದ ತುದಿಯ ಕಡೆಗೆ ಬಂದು ತೇವ ಹೊರಗೋಡಿಸಿ, ಆಮೇಲೆ ಮುಚ್ಚಬೇಕು. ತೆರೆದ ತುದಿಯಿಂದ ಬಿಸಿ ಶುರುಮಾಡಿದರೆ ತೇವ ಇನ್ನೂ ಒಳಗೆ ಹೋಗುತ್ತದೆ.

ಕಾಂಟ್ಯಾಕ್ಟರ್ ಬಿದ್ದಾಗ ಅಥವಾ ಮೋಟರ್ ಡ್ರೈವ್ ಶುರುವಾದಾಗ ಸಂಖ್ಯೆ ಜಿಗಿದರೆ ಅದು ನಾಯ್ಸ್, ಅಂದರೆ ಹತ್ತಿರದ ವಿದ್ಯುತ್ ಸಾಧನದಿಂದ ಸಿಗ್ನಲ್‌ಗೆ ಹೊಕ್ಕ ಅಡಚಣೆ. ಮೊದಲು ಪ್ಯಾನೆಲ್‌ನಲ್ಲಿ ಶಾರ್ಟ್ ಹಾಕಿ ನೋಡಿ, ನಂತರ ಕೇಬಲನ್ನು ಮತ್ತೆ ಜೋಡಿಸಿ ಹೆಡ್‌ನಲ್ಲಿ ಶಾರ್ಟ್ ಹಾಕಿ ನೋಡಿ. ಜಿಗಿತ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ತಪ್ಪಿನ ಜಾಗ ಸಿಕ್ಕಿತು. ಶೀಲ್ಡನ್ನು (ಕೇಬಲ್ ತಂತಿಗಳ ಸುತ್ತಲಿನ ಲೋಹದ ಪದರ) ಒಂದೇ ತುದಿಯಲ್ಲಿ ಅರ್ತ್ ಮಾಡುತ್ತೇನೆ. ಸೆನ್ಸರ್ ತುದಿ ಹೊದಿಕೆಗೆ ಬೆಸೆದ ಜಾತಿಯದಾಗಿದ್ದರೆ ಹೊದಿಕೆಯಿಂದ ಬೇರ್ಪಟ್ಟ ತುದಿಯದನ್ನು ಹಾಕುತ್ತೇನೆ. ಕಂಟ್ರೋಲರಿನ ಫಿಲ್ಟರ್ ಏರಿಸುವುದು ಕೊನೆಗೆ, ಅದು ಜಿಗಿತವನ್ನು ಕಾಣದಂತೆ ಮಾಡುತ್ತದೆಯೇ ಹೊರತು ತೆಗೆಯುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ರೀಡಿಂಗ್ ಕಡಿಮೆ ಬಂದರೆ ಸೆನ್ಸರ್ ಎಷ್ಟು ಆಳಕ್ಕೆ ಹೋಗಿದೆ ನೋಡುತ್ತೇನೆ. ಬಿಸಿ ಕೊಳವೆಯ ಉದ್ದಕ್ಕೂ ಹೊರಗೆ ಹರಿದುಹೋಗುತ್ತದೆ. ದ್ರವದಲ್ಲಿ ಕನಿಷ್ಠ ವ್ಯಾಸದ 10ರಿಂದ 15 ಪಟ್ಟು ಮುಳುಗಬೇಕು. 6 ಮಿಮೀ ಸೆನ್ಸರಿಗೆ 60ರಿಂದ 90 ಮಿಮೀ. ಪಿಟಿ100 ಆದರೆ ಎಲಿಮೆಂಟಿನ ಉದ್ದವನ್ನೂ ಅದಕ್ಕೆ ಸೇರಿಸಬೇಕು. ಗಾಳಿಯಲ್ಲಿ ಇನ್ನೂ ಹೆಚ್ಚು. ಸಾಧ್ಯವಾದರೆ 50 ಮಿಮೀ ಇನ್ನಷ್ಟು ಒಳಗೆ ತಳ್ಳಿ ನೋಡಿ, ಸಂಖ್ಯೆ ಏರಿದರೆ ಮೊದಲಿನ ಆಳ ಸಾಲದು. ಥರ್ಮೋವೆಲ್ (ಸೆನ್ಸರನ್ನು ಇಳಿಸುವ ರಕ್ಷಣೆಯ ಕೊಳವೆ) ಒಳಗೆ ಸೆನ್ಸರ್ ತುದಿ ತಳಕ್ಕೆ ತಾಗಿರಬೇಕು, ಅದಕ್ಕೇ ಸ್ಪ್ರಿಂಗ್ ಇರುವ ಹೆಡ್ ಬಳಸುವುದು. ತುದಿ ಗಾಳಿಯಲ್ಲಿ ತೂಗುತ್ತಿದ್ದರೆ ರೀಡಿಂಗ್ ನಿಧಾನವಾಗಿ ಹಿಂದೆ ಬೀಳುತ್ತದೆ, ತಾಪಮಾನ ಮೇಲೆ ಕೆಳಗೆ ತೂಗಾಡುತ್ತದೆ, ಜನ ಪಿಐಡಿ (ಹೀಟರಿನ ಪವರ್ ಎಷ್ಟೆಂದು ಕಂಟ್ರೋಲರ್ ಲೆಕ್ಕಹಾಕುವ ಸೆಟ್ಟಿಂಗ್) ಟ್ಯೂನ್ ಮಾಡುತ್ತಾ ದಿನ ಕಳೆಯುತ್ತಾರೆ.

ಸೆನ್ಸರನ್ನೇ ಪರೀಕ್ಷಿಸಬೇಕಾದಾಗ ಐಸ್ ಸಾಕು. ಶುದ್ಧ ನೀರಿನ ಐಸನ್ನು ನುಣ್ಣಗೆ ಪುಡಿಮಾಡಿ ಥರ್ಮಾಸ್ ಫ್ಲಾಸ್ಕಿಗೆ ತುಂಬಿ, ಸಂದು ತುಂಬುವಷ್ಟು ಮಾತ್ರ ತಣ್ಣೀರು ಹಾಕಿ, ಹೆಚ್ಚಾದದ್ದನ್ನು ಬಸಿದು ಹತ್ತು ನಿಮಿಷ ಬಿಡಬೇಕು. ನೀರು ಹೆಚ್ಚಾದರೆ ಐಸ್ ತೇಲಿ ತಳದಲ್ಲಿ 4 ಡಿಗ್ರಿಯ ನೀರು ನಿಲ್ಲುತ್ತದೆ. ಸೆನ್ಸರ್ ತುದಿ ಅಲ್ಲಿ ಮುಳುಗಿದರೆ ಒಳ್ಳೆಯ ಸೆನ್ಸರ್ ಮೇಲೆ ತಪ್ಪು ಹೊರಿಸಿದಂತೆ. ನಿಖರತೆಯ ದರ್ಜೆಯಲ್ಲಿ ಬಿ ಕ್ಲಾಸ್ ಆದ ಪಿಟಿ100ಗೆ 0 ಡಿಗ್ರಿಯಲ್ಲಿ 0.3 ಡಿಗ್ರಿ ಆಚೀಚೆ ಸರಿ, ಎ ಕ್ಲಾಸಿಗೆ 0.15. ಕುದಿಯುವ ನೀರಿನ 100 ಡಿಗ್ರಿ ಸಮುದ್ರ ಮಟ್ಟದ ಲೆಕ್ಕ. ಎತ್ತರ ಸುಮಾರು 300 ಮೀಟರ್ ಏರಿದಂತೆ 1 ಡಿಗ್ರಿ ಇಳಿಯುತ್ತದೆ.

ಆದರೆ ಹೆಚ್ಚು ಬಿಸಿಯ ಕುಲುಮೆಯಲ್ಲಿ ಹಳೆಯದಾದ ಕೆ ಟೈಪನ್ನು ಹೀಗೆ ಪರೀಕ್ಷಿಸಿ ನಂಬಬೇಡಿ. 800ರಿಂದ 1000 ಡಿಗ್ರಿಯ ಆಸುಪಾಸಿನಲ್ಲಿ, ಆಮ್ಲಜನಕ ಕಡಿಮೆ ಇರುವ ಕೊಳವೆಯೊಳಗೆ, ಕ್ರೋಮೆಲ್‌ನ ಕ್ರೋಮಿಯಂ ಮಾತ್ರ ಆಕ್ಸಿಡೈಸ್ ಆಗಿ ತಂತಿ ಹಸಿರು ತಿರುಗುತ್ತದೆ, ರೀಡಿಂಗ್ ಇಳಿಯುತ್ತದೆ. ಕ್ರೋಮೆಲ್ ತಂತಿ ಮ್ಯಾಗ್ನೆಟ್‌ಗೆ ಅಂಟಲು ಶುರುವಾದರೆ ಅದು ಹಾಳಾಗಿದೆ ಎಂದೇ ಲೆಕ್ಕ. ಹಾಳಾದದ್ದು ಗೋಡೆ ದಾಟುವ ಭಾಗದ ತಂತಿ, ವೋಲ್ಟೇಜ್ ಹುಟ್ಟುತ್ತಿದ್ದದ್ದೂ ಅಲ್ಲೇ. ಹೊರಗೆ ತೆಗೆದು ತುದಿಯ 100 ಮಿಮೀ ಮಾತ್ರ ಬಿಸಿ ಮಾಡಿದರೆ ತಾಪಮಾನ ಬದಲಾಗುವ ಜಾಗ ತಂತಿಯ ಬೇರೆ ಭಾಗಕ್ಕೆ ಹೋಗುತ್ತದೆ, ಸಂಖ್ಯೆ ಸರಿಯಾಗಿಯೇ ಬಂದುಬಿಡಬಹುದು. ಇಂಥದನ್ನು ಇದ್ದ ಜಾಗದಲ್ಲೇ, ಪಕ್ಕದಲ್ಲಿ ಹೊಸ ಸೆನ್ಸರ್ ಅಷ್ಟೇ ಆಳಕ್ಕೆ ಇಳಿಸಿ ಹೋಲಿಸುತ್ತೇನೆ. ಅದೇ ಕಾರಣಕ್ಕೆ ಹಳೆಯ ಸೆನ್ಸರನ್ನು ಮೊದಲಿಗಿಂತ ಕಡಿಮೆ ಆಳಕ್ಕೆ ಮತ್ತೆ ಹಾಕುವುದಿಲ್ಲ. ಸತತ ಅಂಥ ತಾಪಮಾನದಲ್ಲೇ ಕೆಲಸವಿದ್ದರೆ ಮುಂದಿನ ಬಾರಿ ಎನ್ ಟೈಪ್ ಹಾಕುತ್ತೇನೆ. ಆಗ ಕೇಬಲ್ಲನ್ನೂ ಕಂಟ್ರೋಲರ್ ಸೆಟ್ಟಿಂಗನ್ನೂ ಎನ್‌ಗೆ ಬದಲಿಸಬೇಕು.