ಮಲೆನಾಡಿನ ಮಳೆಗೆ ತಕ್ಕ ಉಗ್ರಾಣ: ನನ್ನ ಅನುಭವ

ಮಲೆನಾಡಿನ ಹಳೆಯ ಮನೆಗಳಲ್ಲಿ ವರ್ಷದ ದಿನಸಿ ಕೆಡದೆ ಉಳಿಯುತ್ತಿದ್ದುದಕ್ಕೆ ಉಗ್ರಾಣದ ವಿನ್ಯಾಸಕ್ಕಿಂತ ಹೆಚ್ಚಾಗಿ ಕಟ್ಟಿಗೆಯ ಒಲೆಯೇ ಕಾರಣವಾಗಿತ್ತು. ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿದ್ದ ಒಲೆಯ ಶಾಖವೂ ಹೊಗೆಯೂ ಅಟ್ಟಕ್ಕೆ ಏರಿ, ಅಲ್ಲಿಟ್ಟ ಮೆಣಸಿನಕಾಯಿ, ಹಪ್ಪಳ, ಬೀಜದ ಕಾಳುಗಳನ್ನು ಆಷಾಢದ ಮಳೆಯಲ್ಲೂ ಬೆಚ್ಚಗಿಡುತ್ತಿದ್ದವು. ಗ್ಯಾಸ್ ಒಲೆ ಬಂದ ಮೇಲೆ ಆ ಶಾಖ ಹೋಯಿತು. ತಾರಸಿ ಬಂದ ಮೇಲೆ ಅಟ್ಟವೂ ಹೋಯಿತು. ಆದ್ದರಿಂದ ಸಾಗರದಲ್ಲಿ ಹೊಸ ಮನೆ ಕಟ್ಟಿಸುವಾಗ, ಅಡುಗೆಮನೆಗೆ ಹೊಂದಿಕೊಂಡ 5 ಅಡಿ ಅಗಲ, 7 ಅಡಿ ಉದ್ದದ ಉಗ್ರಾಣವನ್ನು ರೂಪಿಸಲು ಕುಳಿತಾಗ, ಎಷ್ಟು ಡಬ್ಬ ಹಿಡಿಯುತ್ತದೆ ಎಂಬುದಕ್ಕಿಂತ ಮೊದಲು ತೇವವನ್ನು ಹೇಗೆ ದೂರವಿಡುವುದು ಎಂಬುದನ್ನೇ ನಾನು ಯೋಚಿಸಿದೆ.

ಮೊದಲ ತೀರ್ಮಾನ ಗೋಡೆಯದಾಗಿತ್ತು. ನಮ್ಮಲ್ಲಿ ಮುಂಗಾರಿನ ಇರಿಚಲು ಪಶ್ಚಿಮ ಮತ್ತು ನೈಋತ್ಯದಿಂದ ಹೊಡೆಯುತ್ತದೆ. ಹಿಂದಿನವರು ಆ ಬದಿಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಅದಕ್ಕಾಗಿಯೇ. ಹೀಗಾಗಿ ಉಗ್ರಾಣವನ್ನು ಮನೆಯ ಪೂರ್ವ ಭಾಗದಲ್ಲಿ, ಬಚ್ಚಲಿನ ಗೋಡೆ ತಾಗದಂತೆ, ಹೊರಗೋಡೆ ಒಂದೇ ಇರುವಂತೆ ಇರಿಸಿಕೊಂಡೆ. ಕಪಾಟುಗಳನ್ನು ಒಳಗೋಡೆಗಳಿಗೆ ಮಾತ್ರ ಹೊಂದಿಸಿದ್ದು, ಹೊರಗೋಡೆಯಲ್ಲಿ ಸಣ್ಣ ಕಿಟಕಿಯೊಂದನ್ನು ಬಿಟ್ಟು ಬೇರೇನೂ ಇಲ್ಲ. ಆ ಕಿಟಕಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ಕಡಿಮೆ ಮುಚ್ಚಿಯೇ ಇಡುತ್ತೇನೆ. ಗಾಳಿಯಾಡಿದರೆ ತೇವ ಹೋಗುತ್ತದೆ ಎಂಬ ಮಾತು ಬೇಸಿಗೆಗೆ ಸರಿ. ಮಳೆ ಸುರಿಯುತ್ತಿರುವಾಗ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ಒದ್ದೆಯಾಗಿರುವುದರಿಂದ, ಕಿಟಕಿ ತೆರೆಯುವುದೆಂದರೆ ತೇವವನ್ನು ಒಳಗೆ ಕರೆದಂತೆಯೇ. ಗಾಳಿಯ ತೇವಾಂಶ ತೋರಿಸುವ ಪುಟ್ಟ ಮಾಪಕ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಇಲ್ಲದಿದ್ದರೆ ಉಪ್ಪಿನ ಮರಿಗೆಯನ್ನೇ ನೋಡಬಹುದು: ಗಾಳಿಯಲ್ಲಿ ತೇವಾಂಶ ಶೇಕಡಾ 75ರ ಆಸುಪಾಸನ್ನು ದಾಟಿದಾಗ ತೆರೆದಿಟ್ಟ ಉಪ್ಪು ನೀರೊಡೆಯಲು ಆರಂಭಿಸುತ್ತದೆ.

ಕಪಾಟಿಗೆ ಪ್ಲೈವುಡ್ ಬೇಡವೆಂದು ಮೊದಲೇ ನಿರ್ಧರಿಸಿದ್ದೆ. ಮುಚ್ಚಿದ ಪ್ಲೈವುಡ್ ಕಪಾಟಿನಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುವುದನ್ನು ಈ ಊರಿನ ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಮೇಲಿನ ಹಂತಗಳಿಗೆ ಕಡಪ ಕಲ್ಲು ಹಾಕಿಸಿದೆ, 3 ಅಡಿಗೊಂದು ಆಧಾರ ಕೊಡಿಸಿದೆ. ಅದಕ್ಕಿಂತ ಉದ್ದಕ್ಕೆ ಆಧಾರವಿಲ್ಲದೆ ಬಿಟ್ಟರೆ ತುಂಬಿದ ಡಬ್ಬಗಳ ಭಾರಕ್ಕೆ ಕಲ್ಲು ಸೀಳುವ ಭಯವಿರುತ್ತದೆ. ಕೆಳಗಿನ ಹಂತಕ್ಕೆ ಮಾತ್ರ ಅಡಿಕೆ ದಬ್ಬೆಗಳನ್ನು, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಗಳನ್ನು, ಬೆರಳಗಲ ಸಂದು ಬಿಟ್ಟು ಜೋಡಿಸಿದೆ. ನೆಲದಿಂದ ಅರ್ಧ ಅಡಿ ಎತ್ತರದಲ್ಲಿರುವ ಈ ದಬ್ಬೆಯ ಮೇಲೆ ಅಕ್ಕಿಯ ಡ್ರಮ್ಮು, ಎಣ್ಣೆಯ ಟಿನ್ನು, ತೆಂಗಿನಕಾಯಿ ಕೂರುತ್ತವೆ. ಸರ್ಕಾರಿ ಗೋದಾಮುಗಳಲ್ಲಿ ಮೂಟೆಗಳ ಕೆಳಗೆ ಮರದ ಚೌಕಟ್ಟು ಹಾಕುವುದಕ್ಕೂ, ಗೋಡೆಗೆ ತಾಗದಂತೆ ಅಂತರ ಬಿಡುವುದಕ್ಕೂ ಇರುವ ಕಾರಣವೇ ಇಲ್ಲಿಯದೂ: ನೆಲ ಮತ್ತು ಗೋಡೆಯ ತಂಪು ನೇರವಾಗಿ ಧಾನ್ಯಕ್ಕೆ ತಾಗಬಾರದು.

ಇನ್ನು ಅಳತೆಯ ವಿಚಾರ. ಬಡಗಿಯಾಗಲಿ ಕಲ್ಲಿನ ಕೆಲಸದವರಾಗಲಿ ತಾವಾಗಿಯೇ ಕೊಡುವ ಕಪಾಟಿನ ಆಳ ಸಾಮಾನ್ಯವಾಗಿ ಒಂದೂವರೆ ಅಡಿಯಿಂದ ಎರಡು ಅಡಿ. ಉಗ್ರಾಣಕ್ಕೆ ಅದು ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಡಬ್ಬದ ಹಿಂದೆ ಡಬ್ಬ, ಅದರ ಹಿಂದೆ ಇನ್ನೊಂದು ಪೊಟ್ಟಣ ಸೇರಿಕೊಂಡು, ಕಣ್ಣಿಗೆ ಬೀಳದ ಪದಾರ್ಥ ಹುಳು ಹಿಡಿದ ಮೇಲೆಯೇ ನೆನಪಾಗುತ್ತದೆ. ನಮ್ಮಲ್ಲಿರುವ ಡಬ್ಬಗಳನ್ನೆಲ್ಲ ನೆಲದ ಮೇಲೆ ಸಾಲಾಗಿಟ್ಟು, ಅಗಲ ಮತ್ತು ಎತ್ತರ ಅಳೆದು, ಆ ಮೇಲೆ ಹಂತಗಳನ್ನು ಗುರುತಿಸಿದೆ. ಸಾಂಬಾರ ಪದಾರ್ಥಗಳ ಸಾಲಿಗೆ 6 ಅಂಗುಲ ಆಳ, ಬೇಳೆಕಾಳುಗಳ ಸಾಲಿಗೆ 9 ಅಂಗುಲ ಸಾಕಾಯಿತು. ಕೆಳಗಿನ ದಬ್ಬೆ ಮಾತ್ರ 18 ಅಂಗುಲ ಆಳವಿದೆ. 15 ಕಿಲೋ ಎಣ್ಣೆಯ ಚೌಕ ಟಿನ್ನು ಸುಮಾರು 14 ಅಂಗುಲ ಎತ್ತರವಿರುವುದರಿಂದ, ಅದನ್ನು ಹೊರಗೆಳೆಯದೆಯೇ ಮುಚ್ಚಳ ತೆಗೆದು ಸೌಟು ಇಳಿಸಲು ಅದರ ಮೇಲೆ ಇನ್ನೂ ಒಂದಡಿ ಬಿಟ್ಟಿದ್ದೇನೆ. ಭಾರವಾದದ್ದು ಮೊಣಕಾಲಿನ ಕೆಳಗೆ, ದಿನಬಳಕೆಯದು ಸೊಂಟ ಮತ್ತು ಕಣ್ಣಿನ ನಡುವೆ, ಹಬ್ಬಕ್ಕೆ ಮಾತ್ರ ಇಳಿಯುವ ಕೊಪ್ಪರಿಗೆ, ಚರಿಗೆಗಳು ಮೇಲೆ. ಈ ಕ್ರಮಕ್ಕೆ ವಿವರಣೆ ಬೇಕಿಲ್ಲ.

ಹುಳುವಿನ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಗಾಳಿಯಾಡದ ಡಬ್ಬದಲ್ಲಿ ಹಾಕಿಟ್ಟರೂ ಹೆಸರುಕಾಳಿಗೆ ಹುಳು ಎಲ್ಲಿಂದ ಬಂತೆಂದು ಅನೇಕರು ಅಚ್ಚರಿಪಡುತ್ತಾರೆ. ಕಾಳುಕೊರಕ ಜೀರುಂಡೆ ಹೊಲದಲ್ಲಿರುವಾಗಲೇ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಕಾಳಿನೊಳಗೇ ಬೆಳೆದು, ತಿಂಗಳೊಳಗೆ ಗುಂಡನೆಯ ತೂತು ಕೊರೆದು ಹೊರಬರುತ್ತದೆ. ಆದ್ದರಿಂದ ಡಬ್ಬ ಎಷ್ಟೇ ಭದ್ರವಾಗಿದ್ದರೂ, ಹಾಕುವ ಮೊದಲೇ ಒಳಗಿರುವ ಮೊಟ್ಟೆಯನ್ನು ಕೊಲ್ಲಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೊಂಡ ಕಾಳುಗಳನ್ನು ಅಂಗಳದಲ್ಲಿ ಕಂಬಳಿಯ ಮೇಲೆ ತೆಳುವಾಗಿ ಹರವಿ ಒಣಗಿಸುತ್ತೇನೆ. ಸಂಜೆ ಅದು ಪೂರ್ತಿ ಆರಿದ ಮೇಲೆಯೇ ತುಂಬುತ್ತೇನೆ, ಬಿಸಿಯಿರುವಾಗ ತುಂಬಿದರೆ ಡಬ್ಬದೊಳಗೆ ಬೆವರು ಕೂರುತ್ತದೆ. ಮಳೆಗಾಲದಲ್ಲಿ ಕೊಂಡ ರವೆ, ಹೆಸರುಕಾಳು, ಅಲಸಂದೆಗಳನ್ನು ಫ್ರೀಜರಿನಲ್ಲಿ ನಾಲ್ಕು ದಿನ ಇಡುವುದು ಸುಲಭ. ಹೊರತೆಗೆದ ಮೇಲೆ ಪೊಟ್ಟಣವನ್ನು ತೆರೆಯದೆ, ಕೋಣೆಯ ಬಿಸಿಗೆ ಬರುವವರೆಗೆ ಬಿಡಬೇಕು, ಇಲ್ಲವಾದರೆ ಹೊರಗಿನ ತೇವ ತಣ್ಣನೆಯ ಕಾಳಿನ ಮೇಲೆಯೇ ನೀರಾಗುತ್ತದೆ. ಒಡೆದ ಬೇಳೆಗೆ ಈ ಜೀರುಂಡೆಯ ಕಾಟ ಕಡಿಮೆ. ಹೀಗಾಗಿ ಬೇಳೆಯನ್ನು ಹೆಚ್ಚಾಗಿಯೂ ಇಡೀ ಕಾಳನ್ನು ತಿಂಗಳಿಗೆ ಆಗುವಷ್ಟನ್ನೇ ಕೊಳ್ಳುವುದು ನನ್ನ ರೂಢಿ. ಬೀಜಕ್ಕೆಂದು ಇಟ್ಟ ಅವರೆ, ತೊಗರಿಗೆ ಬಯಲುಸೀಮೆಯವರು ಕೆಮ್ಮಣ್ಣು ಕಟ್ಟುತ್ತಾರೆ, ಅಂದರೆ ಕೆಂಪು ಮಣ್ಣಿನ ಲೇಪ ಕೊಡುತ್ತಾರೆ. ಅಡುಗೆಯ ಕಾಳಿಗೆ ಹರಳೆಣ್ಣೆ ಸವರುವುದು ಅಷ್ಟೇ ಹಳೆಯ, ನನಗೆ ಹೆಚ್ಚು ಹಿಡಿಸಿದ ಕ್ರಮ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವವರು ಅದನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಹಾಕಲಿ. ಹಸಿ ಸೊಪ್ಪು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ.

ಡಬ್ಬಗಳ ಆಯ್ಕೆಯಲ್ಲಿ ಸಾಲುಸಾಲು ಗಾಜಿನ ಭರಣಿಗಳ ಚಿತ್ರಗಳಿಗೆ ಮರುಳಾಗುವುದು ಸಹಜವಾದರೂ, ಬೆಳಕು ಬಿದ್ದಷ್ಟೂ ಬ್ಯಾಡಗಿ ಮೆಣಸಿನಕಾಯಿಯ ಕೆಂಪೂ ಅರಿಶಿನದ ಬಣ್ಣವೂ ಮಾಸುತ್ತವೆ. ಅವು ಸ್ಟೀಲಿನ ಡಬ್ಬದಲ್ಲಿವೆ. ಹಳೆಯ ಬಗೆಯ ಸ್ಟೀಲ್ ಡಬ್ಬದ ಮುಚ್ಚಳ ಗಾಳಿಯನ್ನು ಪೂರ್ತಿ ತಡೆಯುವುದಿಲ್ಲವಾದ್ದರಿಂದ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು ಬಾಯಿ ಕಟ್ಟುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿಗೆ ಪಿಂಗಾಣಿಯ ಭರಣಿಯೇ ಬೇಕು, ಉಪ್ಪೂ ಹುಳಿಯೂ ಸೇರಿ ಲೋಹವನ್ನು ತಿನ್ನುತ್ತವೆ. ಜೋನಿಬೆಲ್ಲದ ಡಬ್ಬವನ್ನು ನೀರು ತುಂಬಿದ ತಟ್ಟೆಯ ನಡುವೆ ಇಡದಿದ್ದರೆ ಇರುವೆಗಳು ದಾರಿ ಕಂಡುಕೊಳ್ಳುತ್ತವೆ. ಈರುಳ್ಳಿಯನ್ನೂ ಆಲೂಗಡ್ಡೆಯನ್ನೂ ಬೇರೆ ಬೇರೆ ಇಡುತ್ತೇನೆ: ಈರುಳ್ಳಿಗೆ ಗಾಳಿ ಬೇಕು, ಆಲೂಗಡ್ಡೆಗೆ ಕತ್ತಲೆ ಬೇಕು, ಬೆಳಕಿಗೆ ಹಸಿರಾದ ಆಲೂಗಡ್ಡೆ ತಿನ್ನಲು ಯೋಗ್ಯವಲ್ಲ. ಸಾಂಬಾರಿಗೆ ಬಳಸುವ ಬಲಿತ ಸೌತೆಕಾಯಿಗಳನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಸಾಲಾಗಿ ತೂಗುಹಾಕಲು ಸೂರಿಗೆ ಕೊಂಡಿಗಳನ್ನು ಹಾಕಿಸಿದ್ದೇನೆ. ಒಂದಕ್ಕೊಂದು ತಾಗದೆ ತೂಗುವ ಕಾಯಿ ತಿಂಗಳುಗಟ್ಟಲೆ ಕೆಡದಿರುವುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಬಳಕೆಯ ಕ್ರಮವೂ ವಿನ್ಯಾಸದ ಭಾಗವೇ. ಪ್ರತಿ ಬೇಳೆಗೂ ಎರಡು ಡಬ್ಬಗಳಿವೆ: ಒಲೆಯ ಹತ್ತಿರ ಸಣ್ಣದು, ಉಗ್ರಾಣದಲ್ಲಿ ದೊಡ್ಡದು. ದೊಡ್ಡದನ್ನು ವಾರಕ್ಕೊಮ್ಮೆ ಮಾತ್ರ ತೆರೆಯುವುದರಿಂದ ಒಳಗೆ ಹೋಗುವ ತೇವ ಕಡಿಮೆಯಾಗುತ್ತದೆ. ಹಳೆಯದರ ಮೇಲೆ ಹೊಸದನ್ನು ಸುರಿಯುವುದಿಲ್ಲ; ಡಬ್ಬ ಬರಿದಾಗಿ, ತೊಳೆದು, ಒಣಗಿದ ಮೇಲೆಯೇ ತುಂಬಬೇಕು. ಬಿಸಿಲಿಲ್ಲದ ದಿನಗಳಲ್ಲಿ ತೊಳೆದ ಡಬ್ಬವನ್ನು ಅಡುಗೆ ಮುಗಿದ ಒಲೆಯ ಮೇಲೆ ಬೋರಲು ಹಾಕಿದರೆ ಆರುತ್ತದೆ. ಕೊಂಡ ತಿಂಗಳನ್ನು ಕಾಗದದ ಪಟ್ಟಿಯ ಮೇಲೆ ಪೆನ್ಸಿಲ್ಲಿನಿಂದ ಬರೆದು ಡಬ್ಬದ ಮೈಗೆ ಅಂಟಿಸುತ್ತೇನೆ. ಮುಚ್ಚಳಕ್ಕೆ ಅಂಟಿಸಬಾರದು, ನಾಲ್ಕು ಕೈಗಳು ಓಡಾಡುವ ಮನೆಯಲ್ಲಿ ಮುಚ್ಚಳಗಳು ಅದಲುಬದಲಾಗುವುದು ಖಂಡಿತ.

ಇಲಿಗೆ ಕಾಲು ಅಂಗುಲದ ಸಂದೂ ಸಾಕಾಗುವುದರಿಂದ ಬಾಗಿಲಿನ ಕೆಳಗೆ ತಗಡಿನ ಪಟ್ಟಿ ಹೊಡೆಸಿದ್ದು, ಕಿಟಕಿಗೆ ಕಬ್ಬಿಣದ ಜಾಲರಿ ಇದೆ. ಮಳೆಗಾಲದ ನಡುವೆ ಉಳಿಯುವ ಒಂದೇ ಕೆಲಸವೆಂದರೆ ಹಪ್ಪಳ, ಸಂಡಿಗೆಗಳ ಡಬ್ಬದಲ್ಲಿಟ್ಟ ಸಿಲಿಕಾ ಜೆಲ್ಲಿನ ಪುಟ್ಟ ಚೀಲಗಳನ್ನು ಆಗಾಗ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಇಡುವುದು. ದೀಪಾವಳಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಕಿಟಕಿ ತೆರೆದು, ಎಲ್ಲ ಡಬ್ಬಗಳನ್ನೂ ಅಂಗಳಕ್ಕೆ ತಂದು, ಕಲ್ಲು ಮತ್ತು ದಬ್ಬೆಗಳನ್ನು ಒರೆಸಿ, ಗೋಡೆಗೆ ಸುಣ್ಣ ಬಳಿಸುತ್ತೇನೆ.